ಆ್ಯಪ್ ಆಮೇಲೆ, ಮೊದ್ಲು ಕುರ್ಚಿ

"ಮಿಸ್, ನಮ್ಮ ಮಗುಗೆ ಯಾವ ಆ್ಯಪ್ ಹಾಕ್ಕೊಡ್ಲಿ?" ಅಂತ ಕೇಳೋ ಅಪ್ಪ ಅಮ್ಮಂದಿರು ಈಗೀಗ ಜಾಸ್ತಿ ಆಗಿದಾರೆ. ನಂಗೆ ಅದು ಖುಷಿನೇ, ಯಾಕಂದ್ರೆ ಸೆರೆಬ್ರಲ್ ಪಾಲ್ಸಿ (ಸಿಪಿ ಅಂತೀವಿ, ಮೆದುಳಿಗೆ ಆದ ಪೆಟ್ಟಿಂದ ಕೈಕಾಲು ಹಿಡಿತಕ್ಕೆ ಸಿಗದಿರೋದು) ಇರೋ ಮೂರು ವರ್ಷದ ಮಗು ಮುಂದೆ ಕಂಪ್ಯೂಟರ್ ಇಡ್ತೀವಿ ಅಂದ್ರೆ ಮೊದಲೆಲ್ಲ ಮನೆಯವರೇ "ಅದಕ್ಕೆ ಏನ್ ಗೊತ್ತಾಗತ್ತೆ" ಅಂತಿದ್ರು. ಆದ್ರೆ ಆ ಪ್ರಶ್ನೆಗೆ ಉತ್ತರ ಹೇಳೋ ಮೊದ್ಲು ನಾನು ಇನ್ನೊಂದು ಪ್ರಶ್ನೆ ಕೇಳ್ತೀನಿ: ಮಗು ಎಲ್ಲಿ ಕೂತ್ಕೊಳತ್ತೆ? ಅಮ್ಮನ ತೊಡೆ ಮೇಲಾ, ಗೋಡೆಗೆ ದಿಂಬು ಇಟ್ಟು ಒರಗಿಸಿನಾ, ಹಾಲಲ್ಲಿರೋ ಪ್ಲಾಸ್ಟಿಕ್ ಕುರ್ಚೀಲಾ?

ಶಿವಮೊಗ್ಗ ಕಡೆ ಒಂದು ಸಣ್ಣ ಥೆರಪಿ ಸೆಂಟರಲ್ಲಿ ಸ್ಪೆಷಲ್ ಟೀಚರ್ ಆಗಿ ಕೆಲಸ ಮಾಡ್ತೀನಿ, ನಮ್ಮಲ್ಲಿಗೆ ಬರೋರೆಲ್ಲ ಎರಡರಿಂದ ಏಳು ವರ್ಷದೊಳಗಿನ ಮಕ್ಕಳು. ಇವತ್ತು ಬರೀತಿರೋದು ಮುಖ್ಯವಾಗಿ ಕೈಕಾಲು ಹೇಳಿದ ಮಾತು ಕೇಳದೇ ಇರೋ ಮಕ್ಕಳ ಬಗ್ಗೆ, ಯಾಕಂದ್ರೆ ಕಂಪ್ಯೂಟರಿಂದ ಅತಿ ಹೆಚ್ಚು ಉಪಯೋಗ ಆಗಬಹುದಾದ ಮಕ್ಕಳು ಇವರೇ, ಆದ್ರೆ ಕಂಪ್ಯೂಟರಿಂದ ಅತಿ ದೂರ ಇರೋರೂ ಇವರೇ.

ಕೂತ್ಕೊಳ್ಳೋಕೇ ಒದ್ದಾಡ್ತಿರೋ ಮಗುವಿನ ಕೈ ಬೇರೆ ಕೆಲಸಕ್ಕೆ ಬಿಡುವಾಗಲ್ಲ. ಎಲ್ಲಿ ಬೀಳ್ತೀನೋ ಅಂತ ಇಡೀ ಮೈ ಬಿಗಿ ಹಿಡ್ಕೊಂಡಿರತ್ತೆ, ಇರೋ ಶಕ್ತಿ ಎಲ್ಲ ಕತ್ತು ಎತ್ತಿ ಹಿಡಿಯೋದಕ್ಕೇ ಖರ್ಚಾಗತ್ತೆ, ಆಗ ನಾವು ಟ್ಯಾಬ್ ಮುಂದಿಟ್ಟು "ಮುಟ್ಟು ಪುಟ್ಟಾ" ಅಂದ್ರೆ ಹೇಗೆ ಮುಟ್ಟತ್ತೆ? ಸೊಂಟ ಪೂರ್ತಿ ಹಿಂದಕ್ಕೆ ಹೋಗಿರಬೇಕು, ಮಂಡಿ ಮಡಚಿರಬೇಕು, ಪಾದ ಗಟ್ಟಿಯಾದ ಯಾವುದರ ಮೇಲಾದ್ರೂ ಊರಿರಬೇಕು. ಪಾದ ಗಾಳೀಲಿ ನೇತಾಡ್ತಿದ್ರೆ ಕೈ ನಿಲ್ಲಲ್ಲ. ಸೆಂಟರಲ್ಲಿ ಇಂಥ ಮಕ್ಕಳಿಗೇ ಅಂತ ಮಾಡಿದ ಸಿಪಿ ಚೇರ್ ಇರತ್ತೆ, ಮನೇಲಿ ಇರಲ್ಲ, ಅದಕ್ಕೆ ನಾವು ಹೇಳೋದು ಕಾಲಡಿಗೆ ಊಟದ ಮಣೆ ಇಡಿ, ಸೊಂಟದ ಎರಡೂ ಕಡೆ ಟವೆಲ್ ಸುತ್ತಿ ಸಿಗಿಸಿ, ಕುರ್ಚಿ ಮೇಲೆ ಅಡುಗೆಮನೆ ಶೆಲ್ಫಿಗೆ ಹಾಸ್ತಾರಲ್ಲ ಆ ಜಾರದ ರಬ್ಬರ್ ಮ್ಯಾಟ್ ಒಂದು ತುಂಡು ಹಾಕಿ. ಒಂದ್ಸಲ ನಿಮ್ಮ ಫಿಸಿಯೋ ಹತ್ರ ತೋರಿಸಿ ಸರಿಯಿದೆ ಅನ್ನಿಸ್ಕೊಳ್ಳಿ, ಪ್ರತಿ ಮಗುವಿನ ಬೆನ್ನು, ಸೊಂಟ ಬೇರೆ ಬೇರೆ.

ಸ್ಕ್ರೀನ್ ಎಲ್ಲಿಡ್ತೀರಿ ಅನ್ನೋದೂ ಅಷ್ಟೇ ಮುಖ್ಯ. ಎಷ್ಟೋ ಸಿಪಿ ಮಕ್ಕಳಿಗೆ ಹಸುಗೂಸಲ್ಲಿ ಇರಬೇಕಾದ ಒಂದು ರಿಫ್ಲೆಕ್ಸ್ ದೊಡ್ಡವರಾದ್ರೂ ಉಳಿದಿರತ್ತೆ, ತಲೆ ಬಲಕ್ಕೆ ತಿರುಗಿದ್ರೆ ಬಲಗೈ ತಾನಾಗೇ ಸೆಟೆದು ನೆಟ್ಟಗಾಗತ್ತೆ, ಎಡಗೈ ಮಡಚ್ಕೊಳತ್ತೆ. ಟ್ಯಾಬನ್ನ ಬಲಗಡೆ ಇಟ್ರೆ ಮಗು ನೋಡೋಕೆ ತಿರುಗಿದ ತಕ್ಷಣ ಕೈ ಚಾಚ್ಕೊಂಡು ಟ್ಯಾಬಿಗೇ ಹೊಡೆಯತ್ತೆ, ನೋಡ್ದೋರು "ನೋಡಿ ಎಷ್ಟು ಸಿಟ್ಟು ಇದಕ್ಕೆ" ಅಂತಾರೆ. ಸಿಟ್ಟಲ್ಲ ಅದು. ಸ್ಕ್ರೀನನ್ನ ಮೂಗಿನ ನೇರಕ್ಕೆ, ಕಣ್ಣಿನ ಎತ್ತರಕ್ಕೆ ತಂದಿಡಿ, ಅರ್ಧ ತೊಂದ್ರೆ ಅಲ್ಲೇ ಕಮ್ಮಿ ಆಗತ್ತೆ.

ಇನ್ನು ಸ್ವಿಚ್ ವಿಷಯ, ಇದನ್ನ ಸ್ವಲ್ಪ ಉದ್ದಕ್ಕೆ ಬರೀತೀನಿ ಯಾಕಂದ್ರೆ ಕನ್ನಡದಲ್ಲಿ ಇದರ ಬಗ್ಗೆ ಓದೋಕೆ ಸಿಗೋದು ತೀರಾ ಕಮ್ಮಿ. ಮೌಸ್ ಹಿಡಿಯೋಕೆ ಆಗದ, ಟಚ್ ಸ್ಕ್ರೀನ್ ಮೇಲೆ ಒಂದು ಬೆರಳು ಇಡೋಕೆ ಆಗದ ಮಗುಗೆ ಒಂದೇ ಒಂದು ದೊಡ್ಡ ಬಟನ್ ಕೊಡೋದು, ಅದನ್ನ ಒತ್ತಿದ್ರೆ ಕಂಪ್ಯೂಟರಿಗೆ ಒಂದು ಕ್ಲಿಕ್ ಹೋಗತ್ತೆ, ಅಷ್ಟೇ. ಅದನ್ನ ಕೈಯಲ್ಲೇ ಒತ್ತಬೇಕು ಅಂತ ಇಲ್ಲ. ಮಗುವಿನ ಮೈಯಲ್ಲಿ ಯಾವ ಭಾಗ ಮಗು ಹೇಳಿದ ಹಾಗೆ ಕೇಳತ್ತೋ ಅಲ್ಲಿ ಇಡೋದು, ಕೆಲವರಿಗೆ ಮಂಡಿ ಪಕ್ಕ, ಕೆಲವರಿಗೆ ಕೆನ್ನೆ ಹತ್ರ, ಕೆಲವರಿಗೆ ತಲೆ ಹಿಂದೆ, ಒಂದು ಹುಡುಗಿಗೆ ಎಡಗಾಲಿನ ಹೆಬ್ಬೆರಳು. ಹುಡುಕಬೇಕು, ಒಂದೊಂದ್ಸಲ ವಾರಗಟ್ಟಲೆ.

ಹೊರಗಡೆಯಿಂದ ತರಿಸೋ ಸ್ವಿಚ್ ಸಾವಿರಾರು ರೂಪಾಯಿ ಆಗತ್ತೆ, ಜೊತೆಗೆ ಅದನ್ನ ಕಂಪ್ಯೂಟರಿಗೆ ಜೋಡಿಸೋ ಡಬ್ಬಿಗೆ ಬೇರೆ ದುಡ್ಡು. ಅದರ ಬದಲು ಒಂದು ಹಳೇ ಯುಎಸ್‌ಬಿ ಮೌಸ್ ಸಾಕು. ಮೌಸ್ ಬಿಚ್ಚಿದ್ರೆ ಎಡಗಡೆ ಕ್ಲಿಕ್ ಅಡಿಲಿ ಒಂದು ಪುಟಾಣಿ ಸ್ವಿಚ್ ಇರತ್ತೆ, ಒತ್ತಿದಾಗ ಅದರ ಯಾವ ಎರಡು ಕಾಲು ಕೂಡ್ತವೋ ಆ ಎರಡಕ್ಕೆ ಎರಡು ವೈರ್ ಬೆಸುಗೆ ಹಾಕಿ, ವೈರಿನ ಇನ್ನೊಂದು ತುದಿಗೆ 3.5 ಎಂಎಂ ಸಾಕೆಟ್ ಹಾಕಿದ್ರೆ ಆಯ್ತು, ಇಯರ್‌ಫೋನ್ ಪಿನ್ ಹೋಗೋ ಸೈಜಿದು, ದುಡ್ಡು ಕೊಟ್ಟು ತಗೊಳ್ಳೋ ಸ್ವಿಚ್‌ಗಳೂ ಸಾಮಾನ್ಯವಾಗಿ ಇದೇ ಪಿನ್ನಿನದ್ದು, ಹಾಗಾಗಿ ಮುಂದೆ ಒಳ್ಳೇ ಸ್ವಿಚ್ ಸಿಕ್ರೆ ಇದಕ್ಕೇ ಚುಚ್ಚಬಹುದು. ಮೊಬೈಲ್ ರಿಪೇರಿ ಅಂಗಡಿ ಹುಡುಗರಿಗೆ ಇದು ಕಷ್ಟದ ಕೆಲಸ ಅಲ್ಲ, ಯಾಕೆ ಅಂತ ಹೇಳಿದ್ರೆ ಎಷ್ಟೋ ಜನ ದುಡ್ಡೇ ತಗೊಳಲ್ಲ. ಬಟನ್ನಿಗೆ ವಿಡಿಯೋ ಗೇಮ್ ಮಷೀನಲ್ಲಿ ಇರ್ತವಲ್ಲ ಆ ಥರದ ದುಂಡನೆ ದೊಡ್ಡ ಪ್ಲಾಸ್ಟಿಕ್ ಬಟನ್, ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಗತ್ತೆ, ಆನ್‌ಲೈನಲ್ಲೂ ಸಿಗತ್ತೆ, ಕೆಲವು ನೂರು ರೂಪಾಯಿ, ಅದರ ವೈರಿನ ತುದಿಗೆ 3.5 ಎಂಎಂ ಪಿನ್ ಹಾಕಿಸಿ ಆ ಸಾಕೆಟ್ಟಿಗೆ ಚುಚ್ಚಿ. ಮೌಸನ್ನ ಟೇಬಲ್ ಮೇಲೆ ಡಬಲ್ ಟೇಪಲ್ಲಿ ಅಂಟಿಸಿಬಿಡಿ, ಸ್ಕ್ರೀನಿನ ಬಾಣ ಅಲ್ಲಾಡಲ್ಲ. ಓಟಿಜಿ ಕೇಬಲ್ (ಮೊಬೈಲ್, ಟ್ಯಾಬಿಗೆ ಯುಎಸ್‌ಬಿ ಸಾಮಾನು ಜೋಡಿಸೋ ಸಣ್ಣ ವೈರ್) ಇದ್ರೆ ಇದೇ ಮೌಸ್ ಆಂಡ್ರಾಯ್ಡ್ ಟ್ಯಾಬಿಗೂ ನಡೆಯತ್ತೆ. ಒತ್ತೋಷ್ಟೂ ಬಲ ಇಲ್ಲದ, ಬರೀ ಸೋಕೋಕೆ ಆಗೋ ಮಕ್ಕಳಿಗೆ ಮೇಕಿ ಮೇಕಿ ಅಂತ ಒಂದು ಬೋರ್ಡ್ ಬರತ್ತೆ, ಅದರ ಅರ್ತ್ ವೈರ್ ಮಗುವಿನ ಮೈಗೆ ತಗುಲಿರೋ ಹಾಗೆ ಇಟ್ಟು, ಇನ್ನೊಂದು ವೈರಿಗೆ ಅಲ್ಯೂಮಿನಿಯಂ ಫಾಯಿಲ್ ತುಂಡು ಸಿಗಿಸಿದ್ರೆ ಆ ಫಾಯಿಲ್ ಮುಟ್ಟಿದ್ರೇ ಸಾಕು ಕೀ ಒತ್ತಿದ ಹಾಗೆ. ಆದ್ರೆ ಮನೆಯ ಕರೆಂಟಿನ ಪ್ಲಗ್ಗಿಗೆ ಯಾವುದನ್ನೂ ಈ ಥರ ಜೋಡಿಸೋಕೆ ಹೋಗ್ಬೇಡಿ, ಯುಎಸ್‌ಬಿ ಮತ್ತೆ ಬ್ಯಾಟ್ರಿ ಸೆಲ್ ಅಷ್ಟಕ್ಕೇ ನಿಲ್ಲಿಸಿ, ಮಗು ಮುಟ್ಟೋ ಹೊತ್ತಲ್ಲಿ ಲ್ಯಾಪ್‌ಟಾಪ್ ಚಾರ್ಜಿಗೂ ಹಾಕಿರಬೇಡಿ.

ಸರಿ, ಸ್ವಿಚ್ ಆಯ್ತು, ಅದರಲ್ಲಿ ಏನು ಆಡಿಸೋದು? ಒಂದು ಸ್ವಿಚ್ಚಲ್ಲಿ ಆಡೋ ಆಟಗಳು ಇಂಗ್ಲಿಷಲ್ಲಿ ಬೇಕಾದಷ್ಟಿವೆ, ಹೆಚ್ಚಿನವು ಬ್ರಿಟನ್, ಅಮೆರಿಕದ ಮಕ್ಕಳಿಗೆ ಮಾಡಿದ್ದು. ನಮ್ಮ ಮಗುಗೆ ಆ ಧ್ವನಿ, ಆ ಹಾಡು ಯಾವುದೂ ಪರಿಚಯ ಇಲ್ಲ. ನನ್ನ ಕೇಳಿದ್ರೆ ಪವರ್‌ಪಾಯಿಂಟೇ ಬೆಸ್ಟ್, ದುಡ್ಡಿಲ್ಲದೆ ಸಿಗೋ ಲಿಬ್ರೆ ಆಫೀಸ್ ಆದ್ರೂ ಆಗತ್ತೆ. ಒಂದು ಸ್ಲೈಡಿಗೆ ಒಂದು ಫೋಟೋ, ಸುತ್ತ ಪೂರ್ತಿ ಕಪ್ಪು, ಆ ಫೋಟೋಗೆ ಮನೇಲೇ ರೆಕಾರ್ಡ್ ಮಾಡಿದ ಒಂದು ಸದ್ದು ತಾನಾಗೇ ಬರೋ ಹಾಗೆ. ಕ್ಲಿಕ್ ಮಾಡಿದ್ರೆ ಮುಂದಿನ ಸ್ಲೈಡ್. ಅಷ್ಟೇ ಸಾಫ್ಟ್‌ವೇರ್.

ಶಿಕಾರಿಪುರ ಕಡೆಯ ಒಂದು ಹುಡುಗ, ನಾಲ್ಕು ವರ್ಷ ಆಗಿತ್ತು, ಮಾತಿಲ್ಲ, ಕೈಕಾಲು ನಾಲ್ಕೂ ಬಿಗಿ. ಅವರಪ್ಪ ಮೊಬೈಲಲ್ಲೇ ಕೊಟ್ಟಿಗೇಲಿ ಹಸು ಅಂಬಾ ಅನ್ನೋದು, ಮೋಟ್ರು ಸೈಕಲ್ ಸ್ಟಾರ್ಟ್ ಆಗೋದು, ಅಜ್ಜಿ "ಬಾರೋ ನನ್ ಬಂಗಾರ" ಅಂತ ಕರೆಯೋದು ಎಲ್ಲ ರೆಕಾರ್ಡ್ ಮಾಡ್ಕೊಂಡು ಬಂದ್ರು. ಸ್ವಿಚ್ ಅವನ ಬಲ ಮಂಡಿ ಪಕ್ಕಕ್ಕೆ ಕಟ್ಟಿದ್ವಿ. ಮೊದಮೊದಲು ಮಂಡಿ ಸುಮ್ನೆ ತಗುಲಿ ಹಸು ಕೂಗೋದು, ಅವನು ಬೆಚ್ಚೋದು. ಒಂದು ದಿನ ಅಜ್ಜಿ ಸ್ಲೈಡ್ ಬಂತು, ಅಜ್ಜಿ ದನಿ ಬಂತು, ಅಜ್ಜಿ ಅಲ್ಲೇ ಪಕ್ಕದಲ್ಲಿ ಬಾಯಿ ಮುಚ್ಕೊಂಡು ಕೂತಿದಾರೆ. ಅವನು ಸ್ಕ್ರೀನ್ ನೋಡಿದ, ಅಜ್ಜಿ ಬಾಯಿ ನೋಡಿದ, ಮತ್ತೆ ಸ್ಕ್ರೀನ್ ನೋಡಿ ಮಂಡಿ ತಳ್ಳಿದ. ಮೋಟ್ರು ಸೈಕಲ್ ಬಂತು. ಮತ್ತೆ ತಳ್ಳಿದ. ಸುತ್ತಿ ಬಂದು ಅಜ್ಜಿ ಸಿಗೋವರೆಗೂ ತಳ್ತಾನೇ ಇದ್ದ, ಸಿಕ್ಕಿದ ಕೂಡ್ಲೇ ಕೇಕೆ ಹಾಕಿ ನಕ್ಕ. ಹುಟ್ಟಿದಾಗಿಂದ ಅವನಿಗೆ ಎಲ್ಲವೂ ಬೇರೆಯವರೇ ಮಾಡಿದ್ದು, ಎತ್ತೋದು, ತಿನ್ಸೋದು, ತಿರುಗಿಸಿ ಮಲಗಿಸೋದು. ತಾನು ಮಾಡಿದ್ದಕ್ಕೆ ಏನೋ ಒಂದು ಆಯ್ತು ಅನ್ನೋದು ಅವನಿಗೆ ಸಿಕ್ಕಿದ್ದು ಆವತ್ತು. ಎಬಿಸಿಡಿ, ಬಣ್ಣದ ಹೆಸರು, ಅಂಕಿ ಎಲ್ಲ ಆಮೇಲೆ ಬರ್ಲಿ, ಚಿಕ್ಕ ಮಕ್ಕಳಿಗೆ ಕಂಪ್ಯೂಟರ್ ಕೊಡಬೇಕಾಗಿರೋದೇ ಈ ಒಂದಕ್ಕೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಅದಕ್ಕೇ ಮಗುವಿನ ಕೈ ಹಿಡಿದು ಒತ್ತಿಸೋದನ್ನ ನಾನು ಒಪ್ಪಲ್ಲ. ಅಜ್ಜಿಯಂದಿರು "ಪಾಪ ಸುಸ್ತಾಗತ್ತೆ ಮಿಸ್, ನೀವೇ ಒಂಚೂರು ಒತ್ತಿ" ಅಂತಾರೆ, ಪ್ರೀತಿಯಿಂದಲೇ ಹೇಳ್ತಾರೆ. ಆದ್ರೆ ನಾವು ಒತ್ತಿದ್ರೆ ಅದು ಟಿವಿ ಆಯ್ತು, ಮಗು ಮತ್ತೆ ನೋಡೋ ಜಾಗಕ್ಕೆ ಹೋಯ್ತು. ಇನ್ನೊಂದು, "ಒತ್ತು ಒತ್ತು ಒತ್ತು, ಒತ್ತೋ ಚಿನ್ನಾ, ಹಾಂ ಒತ್ತು" ಅಂತ ಸುತ್ತ ನಿಂತ ನಾಲ್ಕು ಜನ ಒಟ್ಟಿಗೆ ಹೇಳೋದು. ಡಿಸ್ಟೋನಿಯಾ (ಸ್ನಾಯು ತಾನಾಗೇ ಬಿಗಿದು ತಿರುಚ್ಕೊಳ್ಳೋದು) ಇರೋ ಮಗು ಎಷ್ಟು ಗಟ್ಟಿಯಾಗಿ ಮನಸ್ಸು ಮಾಡತ್ತೋ ಮೈ ಅಷ್ಟೇ ಗಟ್ಟಿಯಾಗಿ ಇನ್ನೊಂದು ಕಡೆ ಎಳೆಯತ್ತೆ, ಸದ್ದಿಗೆ ಬೆಚ್ಚಿಬಿದ್ರೆ ಮಾಡೋಕೆ ಹೊರಟಿದ್ದೂ ನಿಂತು ಮೊದಲಿಂದ ಶುರು ಮಾಡಬೇಕು. ಮಗುಗೆ ಮನಸ್ಸಿಲ್ಲ ಅಂತಲ್ಲ, ಮೈ ಮಾತು ಕೇಳ್ತಿಲ್ಲ. ಒಂದ್ಸಲ ಹೇಳಿ, ಆಮೇಲೆ ಬಾಯಿ ಮುಚ್ಚಿ ಮನಸ್ಸಲ್ಲೇ ಇಪ್ಪತ್ತರವರೆಗೆ ಎಣಿಸಿ, ಸಾಲದಿದ್ರೆ ಇನ್ನೂ ಇಪ್ಪತ್ತು. ಎಣಿಸೋದು ಎಷ್ಟು ಕಷ್ಟ ಅಂತ ಮಾಡಿದ್ರೇ ಗೊತ್ತಾಗತ್ತೆ, ಹನ್ನೆರಡಕ್ಕೆ ಬರೋಷ್ಟರಲ್ಲಿ ಕೈ ತಾನಾಗೇ ಮುಂದೆ ಹೋಗತ್ತೆ, ಅದಕ್ಕೆ ನಾನು ಅಮ್ಮಂದಿರಿಗೆ ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು ಕೂರೋಕೆ ಹೇಳ್ತೀನಿ.

ಬೇಕು ಅಂತ ಒತ್ತಿದ್ದೋ ತಗುಲಿದ್ದೋ ಅಂತ ಡೌಟ್ ಬರತ್ತೆ. ಅದಕ್ಕೊಂದು ಸುಲಭದ ದಾರಿ ಇದೆ, ಆಟ ನಡೀತಿರೋವಾಗ ಮಗುಗೆ ಕಾಣದ ಹಾಗೆ ಪಿನ್ ಕಿತ್ತುಬಿಡಿ. ಮಗು ಒತ್ತತ್ತೆ, ಏನೂ ಆಗಲ್ಲ, ಆಗ ಮುಖ ನೋಡಿ. ಗೊತ್ತಾಗಿರೋ ಮಗು ಇನ್ನೂ ಜೋರಾಗಿ ಒತ್ತತ್ತೆ, ಇಲ್ಲಾ ನಿಮ್ಮ ಕಡೆ ತಿರುಗಿ ನೋಡತ್ತೆ. ತಕ್ಷಣ ಪಿನ್ ವಾಪಸ್ ಹಾಕಿಬಿಡಿ, ಕಾಡಿಸಬೇಡಿ.

"ಇವಳು ಸ್ಕ್ರೀನ್ ನೋಡೋದೇ ಇಲ್ಲ, ಕಣ್ಣಿನ ಡಾಕ್ಟರು ಕಣ್ಣು ಸರಿಯಿದೆ ಅಂದ್ರು" ಅಂತ ಬರೋ ಮಕ್ಕಳಿದಾರೆ. ಹುಟ್ಟೋವಾಗ ಉಸಿರು ಕಟ್ಟಿದ್ದು, ಹುಟ್ಟಿದ ಮೊದಲ ದಿನಗಳಲ್ಲಿ ಸಕ್ಕರೆ ಅಂಶ ತುಂಬಾ ಇಳಿದಿದ್ದು, ಇಂಥ ಕಾರಣಕ್ಕೆ ಮೆದುಳಿನ ನೋಡೋ ಭಾಗಕ್ಕೆ ಪೆಟ್ಟಾಗಿರತ್ತೆ, ಕಣ್ಣು ಚೆನ್ನಾಗಿದ್ರೂ ಕಂಡಿದ್ದು ಏನು ಅಂತ ಮೆದುಳಿಗೆ ಬಿಡಿಸ್ಕೊಳ್ಳೋಕೆ ಆಗಲ್ಲ, ಸಿವಿಐ ಅಂತಾರೆ. ಇಂಥ ಮಗುಗೆ ಮಾರ್ಕೆಟ್ಟಲ್ಲಿ ಸಿಗೋ ಬಣ್ಣಬಣ್ಣದ ಕಾರ್ಟೂನ್ ಆ್ಯಪ್ ಪೂರ್ತಿ ಗಜಿಬಿಜಿ. ಕಪ್ಪು ಸ್ಕ್ರೀನ್ ಮೇಲೆ ಒಂದೇ ಒಂದು ಹಳದಿ ಚೆಂಡು ಅಥವಾ ಕೆಂಪು ಚೆಂಡು, ನಿಧಾನವಾಗಿ ಅಲ್ಲಾಡ್ತಿರಬೇಕು, ರೂಮಿನ ಲೈಟ್ ಕಮ್ಮಿ, ಸದ್ದು ಆಫ್. ಸದ್ದು ಯಾಕೆ ಆಫ್ ಅಂದ್ರೆ ಎಷ್ಟೋ ಮಕ್ಕಳಿಗೆ ಕೇಳೋದು ನೋಡೋದು ಎರಡೂ ಒಟ್ಟಿಗೆ ಆಗಲ್ಲ. ಇನ್ನೊಂದು ಗಮನಿಸಿ, ಇವರು ಚೆಂಡನ್ನ ನೋಡ್ತಾರೆ, ಮುಖ ಆಚೆ ತಿರುಗಿಸ್ತಾರೆ, ಆಮೇಲೆ ಕೈ ಚಾಚ್ತಾರೆ. ಮುಖ ತಿರುಗಿಸಿದಾಗ ಇಂಟರೆಸ್ಟ್ ಇಲ್ಲ ಅಂದ್ಕೊಂಡು ಟ್ಯಾಬ್ ಎತ್ತಿಟ್ರೆ ಅದಕ್ಕಿಂತ ಅನ್ಯಾಯ ಇಲ್ಲ, ಅವರು ಆಗ ಕೆಲಸ ಮಾಡ್ತಿರ್ತಾರೆ.

ಕೈ ಸ್ವಲ್ಪ ಬರೋ ಮಕ್ಕಳಿಗೆ ಸ್ವಿಚ್ ಬೇಡ, ಕಂಪ್ಯೂಟರಲ್ಲೇ ಇರೋ ಸೆಟ್ಟಿಂಗ್ ಸಾಕಾಗತ್ತೆ. ವಿಂಡೋಸಲ್ಲಿ ಶಿಫ್ಟ್ ಕೀ ಐದು ಸಲ ಒತ್ತಿದ್ರೆ ಸ್ಟಿಕಿ ಕೀಸ್, ಒಂದೇ ಬೆರಳಲ್ಲಿ ಒಂದಾದ ಮೇಲೊಂದು ಒತ್ತಿ ದೊಡ್ಡಕ್ಷರ ತರಬಹುದು. ಬಲಗಡೆ ಶಿಫ್ಟನ್ನ ಎಂಟು ಸೆಕೆಂಡ್ ಹಿಡಿದ್ರೆ ಫಿಲ್ಟರ್ ಕೀಸ್, ಕೈ ನಡುಗಿ ಒಂದೇ ಅಕ್ಷರ ಹತ್ತು ಸಲ ಬೀಳೋದು ನಿಲ್ಲತ್ತೆ. ಐಪ್ಯಾಡಲ್ಲಿ ಗೈಡೆಡ್ ಆ್ಯಕ್ಸೆಸ್, ಆಂಡ್ರಾಯ್ಡಲ್ಲಿ ಆ್ಯಪ್ ಪಿನ್ ಹಾಕಿದ್ರೆ ಮಗು ಎಲ್ಲಿ ಒತ್ತಿದ್ರೂ ಆಟ ಬಿಟ್ಟು ಆಚೆ ಹೋಗಲ್ಲ. ಚಿತ್ರ ಬಿಡಿಸೋಕೆ ಟಕ್ಸ್ ಪೇಂಟ್, 2002ರಿಂದ ಇರೋದು, ಫ್ರೀ. ಅದರ ಸೆಟ್ಟಿಂಗಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ಆಯ್ಕೆ ಇದೆ, ಮೌಸ್ ಒತ್ತಿ ಹಿಡಿದೇ ಎಳೀಬೇಕು ಅಂತಿಲ್ಲ, ಒಂದ್ಸಲ ಕ್ಲಿಕ್ ಮಾಡಿ ಕೈ ಆಡಿಸಿದ್ರೆ ಗೆರೆ ಬರ್ತಾ ಹೋಗತ್ತೆ, ಇನ್ನೊಂದು ಕ್ಲಿಕ್ಕಿಗೆ ನಿಲ್ಲತ್ತೆ. ಒತ್ತಿ ಹಿಡಿಯೋದು, ಜೊತೆಗೆ ಎಳೆಯೋದು ಎರಡೂ ಸೇರಿದ್ರೆ ಈ ಮಕ್ಕಳಿಗೆ ಅಸಾಧ್ಯ, ಬೇರೆ ಮಾಡಿದ್ರೆ ಸಲೀಸು. ಜಿಕಾಂಪ್ರಿಸ್ ಅಂತ ಇನ್ನೊಂದಿದೆ, ಅದರಲ್ಲಿ ಬಾಣ ಆಡಿಸಿದ್ರೆ ಮೇಲಿನ ಪದರ ಅಳಿಸಿ ಕೆಳಗಿನ ಚಿತ್ರ ಕಾಣೋ ಆಟ ಮೌಸ್ ಅಭ್ಯಾಸಕ್ಕೆ ಚೆನ್ನಾಗಿದೆ.

ಕಣ್ಣು ಕಾಣದ ಪುಟ್ಟ ಮಕ್ಕಳ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗ್ತೀನಿ. ಎನ್‌ವಿಡಿಎ ಅಂತ ಸ್ಕ್ರೀನ್ ಓದೋ ಸಾಫ್ಟ್‌ವೇರ್ ಇದೆ, ಆಸ್ಟ್ರೇಲಿಯಾದ ಇಬ್ಬರು ಕಣ್ಣು ಕಾಣದ ಗೆಳೆಯರು ಮಾಡಿದ್ದು, 2006ರಲ್ಲಿ ಶುರು, ಪೂರ್ತಿ ಫ್ರೀ, ಕನ್ನಡದ ಧ್ವನಿಯೂ ಅದರ ಜೊತೆಗೇ ಬರತ್ತೆ. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್) ಜೊತೆ 1 ಒತ್ತಿದ್ರೆ ಒಂದು ಕಲಿಕೆ ಮೋಡ್, ಆಗ ಮಗು ಯಾವ ಕೀ ಒತ್ತಿದ್ರೂ ಅದರ ಹೆಸರು ಹೇಳತ್ತೆ, ಕಂಪ್ಯೂಟರಲ್ಲಿ ಬೇರೇನೂ ಆಗಲ್ಲ. ಐದು ವರ್ಷದ ಮಗುನ ಆ ಕೀಬೋರ್ಡ್ ಮುಂದೆ ಬಿಟ್ಟುಬಿಡಿ, ಒತ್ತಿ ಒತ್ತಿ ಕೇಳ್ತಾ ಅದಕ್ಕೆ ಅದೇ ದೊಡ್ಡ ಆಟ. ಆದ್ರೆ ಇದು ಬಂತು ಅಂತ ಬ್ರೈಲ್ ಬಿಡಿಸಬೇಡಿ ದಯವಿಟ್ಟು, ಕಾಗುಣಿತ ಬೆರಳಿಗೆ ಗೊತ್ತಾಗಬೇಕು.

ಮಾತು ಬಾರದ ಮಕ್ಕಳಿಗೆ ಚಿತ್ರ ಒತ್ತಿದ್ರೆ ಮಾತಾಡೋ ಆ್ಯಪ್‌ಗಳಿವೆ, ಚೆನ್ನೈಯಲ್ಲಿ ಮಾಡಿದ ಆವಾಜ್, ಐಐಟಿ ಬಾಂಬೆಯವರ ಜೆಲ್ಲೋ, ಫ್ರೀಯಾಗಿ ಬ್ರೌಸರಲ್ಲೇ ನಡೆಯೋ ಸಿಬೋರ್ಡ್. ಇದನ್ನ ಕೊಟ್ರೆ ಮಗು ಮಾತಾಡೋದನ್ನೇ ಬಿಟ್ಟುಬಿಡತ್ತೆ ಅನ್ನೋ ಭಯ ಎಲ್ಲಾ ಮನೇಲೂ ಇದೆ. 2006ರಲ್ಲಿ ಅಮೆರಿಕದ ಸಂಶೋಧಕರು ಅಲ್ಲಿವರೆಗಿನ ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದಾಗ, ಗಟ್ಟಿ ಪುರಾವೆ ಇದ್ದ 27 ಜನರಲ್ಲಿ ಒಬ್ಬರಿಗೂ ಮಾತು ಕಮ್ಮಿ ಆಗಿರಲಿಲ್ಲ, ಹೆಚ್ಚಿನವರಿಗೆ ಸ್ವಲ್ಪವಾದ್ರೂ ಜಾಸ್ತಿನೇ ಆಗಿತ್ತು. ಹಾಗಾಗಿ ಧೈರ್ಯವಾಗಿ ಕೊಡಿ. ನನ್ನ ಒಂದೇ ಹಟ ಏನಂದ್ರೆ ಮಾತಾಡೋ ಟ್ಯಾಬಲ್ಲಿ ಯೂಟ್ಯೂಬ್ ಇರಬಾರದು. ವಿಡಿಯೋ ಸಾಕು ಅಂತ ಟ್ಯಾಬ್ ಕಿತ್ಕೊಂಡ್ರೆ ಮಗುವಿನ ಬಾಯನ್ನೂ ಕಿತ್ಕೊಂಡ ಹಾಗೆ, ಮತ್ತೆ ದಂಡನೆ ಅಂತ ಆ ಟ್ಯಾಬ್ ಎತ್ತಿಡೋದಂತೂ ಯಾವತ್ತೂ ಬೇಡ. ಹಳೇ ಫೋನ್ ಒಂದನ್ನ ಬರೀ ಮಾತಿಗೇ ಇಡಿ.

ಸ್ಕ್ರೀನ್ ಟೈಮ್ ಬಗ್ಗೆ ಕೇಳೇ ಕೇಳ್ತೀರಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ, ಸುಮ್ನೆ ಕೂತು ನೋಡೋದರ ಬಗ್ಗೆ ಹೇಳಿದ್ದು. ಸ್ವಿಚ್ ಕೆಲಸ ಹೇಗೂ ಹತ್ತು ನಿಮಿಷಕ್ಕಿಂತ ಜಾಸ್ತಿ ನಡೆಯಲ್ಲ, ಅಷ್ಟರಲ್ಲಿ ಮಗು ಬೆವತು ಹೋಗಿರತ್ತೆ. ಕಣ್ಣಲ್ಲೇ ಬೇಡ ಅಂದ್ರೆ ಅಲ್ಲಿಗೇ ನಿಲ್ಲಿಸಿ, ಬೇಡ ಅನ್ನೋದನ್ನೂ ನಾವು ಕೇಳಿಸ್ಕೊಂಡ್ವಿ ಅಂತ ಅದಕ್ಕೆ ಗೊತ್ತಾಗಬೇಕು.

ಒಂದು ಸ್ವಿಚ್ ಚೆನ್ನಾಗಿ ಬಂದ್ಮೇಲೆ ಎರಡನೇದು. ಒಂದರಿಂದ ಚಿತ್ರ ಮುಂದೆ ಹೋಗತ್ತೆ, ಇನ್ನೊಂದರಿಂದ "ಇದೇ ಬೇಕು" ಅಂತ ಆರಿಸೋದು. ಸ್ಕ್ರೀನ್ ಮೇಲೆ ಚೌಕ ತಾನಾಗೇ ಓಡ್ತಾ ಇರತ್ತೆ, ಸರಿಯಾದ ಹೊತ್ತಿಗೆ ಒಂದೇ ಸ್ವಿಚ್ ಒತ್ತಬೇಕು ಅನ್ನೋ ವಿಧಾನ ನೋಡೋಕೆ ಸುಲಭ, ಆದ್ರೆ ಚಿಕ್ಕ ಮಕ್ಕಳಿಗೆ ಆ ಟೈಮಿಂಗ್ ತುಂಬಾ ಕಷ್ಟ, ಎರಡು ಸ್ವಿಚ್ ಆದ್ರೆ ಅವರ ವೇಗಕ್ಕೆ ಅವರು ಹೋಗ್ತಾರೆ. ಇಲ್ಲಿ ದೊಡ್ಡವರು ತಕ್ಷಣ ಪರೀಕ್ಷೆ ಶುರು ಮಾಡ್ತಾರೆ, ಕೆಂಪು ಯಾವ್ದು ತೋರ್ಸು, ಸೇಬು ಯಾವ್ದು ತೋರ್ಸು. ಅದರ ಬದಲು ನಿಜವಾದ ಆಯ್ಕೆ ಕೊಡಿ, ದೋಸೆನಾ ಇಡ್ಲಿನಾ, ಜಗಲಿಗೆ ಹೋಗೋಣ್ವಾ ಒಳಗೇ ಇರೋಣ್ವಾ, ಆರಿಸಿದ್ದನ್ನ ಆಗಲೇ ಮಾಡಿ.

ಒಂದು ಕಡೆ, ಎಲ್ಲಿ ಅಂತ ಬರಿಯಲ್ಲ, ದಾನಿಗಳು ಕೊಟ್ಟ ದೊಡ್ಡ ಟಚ್ ಸ್ಕ್ರೀನ್ ಪ್ಲಾಸ್ಟಿಕ್ ಕವರ್ ಕೂಡ ತೆಗೆಯದೆ ಬೀರುವಲ್ಲಿತ್ತು, ಹಾಳಾದ್ರೆ ಯಾರು ಉತ್ತರ ಕೊಡೋದು ಅಂತ. ನೋಡಿ ನಿದ್ದೆ ಬರಲಿಲ್ಲ ನಂಗೆ. ಆ ಬೀರುವಿನ ಎದುರಿಗೇ ಚಾಪೆ ಮೇಲೆ ಮಕ್ಕಳು ಸುಮ್ನೆ ಮಲಗಿದ್ರು. ಕೊಡೋರು ಜೊತೆಗೆ ಕಲಿಸೋಕೆ ಒಬ್ಬರನ್ನೂ ಕಳಿಸಬೇಕು, ರಿಪೇರಿಗೆ ಒಂದಿಷ್ಟು ದುಡ್ಡೂ ಇಡಬೇಕು.

ಎಲ್ಲಿ ಹೋಗಿ ಕೇಳೋದು ಅಂದ್ರೆ, ನಿಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯು, ತಾಲೂಕಿನ ಎಂಆರ್‌ಡಬ್ಲ್ಯು (ಇಬ್ಬರೂ ವಿಕಲಚೇತನರಿಗೆ ಅಂತಲೇ ಇರೋ ಪುನರ್ವಸತಿ ಕಾರ್ಯಕರ್ತರು) ಯಾರು ಅಂತ ಮೊದ್ಲು ತಿಳ್ಕೊಳ್ಳಿ, ಯುಡಿಐಡಿ ಅನ್ನೋ ವಿಕಲಚೇತನರ ಗುರುತಿನ ಕಾರ್ಡಿನ ಕೆಲಸಕ್ಕೂ ಅವರು ದಾರಿ ತೋರಿಸ್ತಾರೆ. ಬಿಆರ್‌ಸಿಯಲ್ಲಿ (ತಾಲೂಕಿನ ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯದ ಮಕ್ಕಳಿಗೆ ಅಂತ ಬಿಐಇಆರ್‌ಟಿ ಟೀಚರ್ ಇರ್ತಾರೆ, ಶಾಲೆಗೆ ಬರೋಕೇ ಆಗದ ಮಕ್ಕಳ ಮನೆಗೂ ಅವರೇ ಹೋಗೋದು, ಅವರಿಗೆ ನಿಮ್ಮ ಮೌಸ್ ಸ್ವಿಚ್ ತೋರಿಸಿ. ಬೆಂಗಳೂರು ಹತ್ರ ಇರೋರಿಗೆ ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರಿಂದ ಇದೆ, ಮಾತಿನ ತೊಂದರೆಗೆ ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ.

ಮಗು ಒಂದನೇ ಕ್ಲಾಸಿಗೆ ಸೇರಿದ್ಮೇಲೆ ಕಂಪ್ಯೂಟರ್ ಪಿರಿಯಡ್ ಏನು ಮಾಡ್ತಾರೆ ಅಂತ ಹೋಗಿ ನೋಡ್ಕೊಂಡು ಬನ್ನಿ. ಲ್ಯಾಬ್ ಮೇಲಿನ ಮಹಡೀಲಿರತ್ತೆ, ಎಲ್ಲರೂ ಹತ್ತಿ ಹೋಗ್ತಾರೆ, ವೀಲ್‌ಚೇರಿನ ಮಗು ಆಯಾ ಜೊತೆ ಕೆಳಗೇ ಉಳಿಯತ್ತೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ಆ ಮಗುಗೆ ಬೇಕಾದ ಅನುಕೂಲ ಮಾಡ್ಕೊಡೋದು ಶಾಲೆಯ ಕರ್ತವ್ಯ, ಹೆಡ್ ಮಾಸ್ತರಿಗೆ ಬರವಣಿಗೇಲೇ ಕೇಳಿ. ಒಂದು ಲ್ಯಾಪ್‌ಟಾಪ್ ಕೆಳಗೆ ಬಂದ್ರೆ ಸಾಕು, ಜೊತೆಗೆ ಅದೇ ಕ್ಲಾಸಿನ ಇಬ್ಬರು ಮಕ್ಕಳನ್ನೂ ಅಲ್ಲೇ ಕೂರಿಸೋಕೆ ಹೇಳಿ. ಅವರಿಗೆ "ಅವನ ಬದಲು ನೀವು ಒತ್ತಬಾರದು, ಅವನೇ ಒತ್ತೋವರೆಗೂ ಕಾಯಬೇಕು" ಅಂತ ಒಂದ್ಸಲ ಹೇಳಿ ನೋಡಿ, ನಾನು ನೋಡಿದ ಮಟ್ಟಿಗೆ ಮಕ್ಕಳು ದೊಡ್ಡವರಿಗಿಂತ ಬೇಗ ಕಾಯೋದು ಕಲೀತಾರೆ, ಅವನು ಒತ್ತಿದ ಮೇಲೆ ಕೂಗಾಡೋದೂ ಅವರೇ ಜಾಸ್ತಿ.